ಇರಲಾರದೆ ಇರುವೆ ಬಿಟ್ಟುಕೊಂಡವನನ್ನು ನೋಡಿದರೆ ನಗು ಯಾಕೆ ಬರುತ್ತದೆ?

ಪ್ರಶ್ನೆ: ನನ್ನ ಏಳು ವರ್ಷದ ಮಗ ಮಿಸ್ಟರ್ ಬೀನ್ ಹಾಕಿಕೊಂಡು ಕೂತರೆ ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾನೆ. ಬೀನ್ ಟರ್ಕಿ ಕೋಳಿಯೊಳಗೆ ತಲೆ ಸಿಕ್ಕಿಸಿಕೊಳ್ಳುವ ದೃಶ್ಯವನ್ನು ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ನನಗೂ ನಗು ಬರುತ್ತದೆ. ಆದರೆ ಬೇರೆ ಯಾರೋ ಬಂದು ಒಬ್ಬರಿಗೆ ಹೊಡೆಯುವ ಕಾಮಿಡಿ ಅಷ್ಟು ಹಿಡಿಸುವುದಿಲ್ಲ. ಹೋದ ವಾರ ನಮ್ಮ ಮಾವನವರು ಅಂಗಳಕ್ಕೆ ಸೋಪಿನ ನೀರು ಹಾಕಿ ತೊಳೆಯುತ್ತಿದ್ದರು. 'ಜಾರುತ್ತೆ, ಯಾರೂ ಈ ಕಡೆ ಬರಬೇಡಿ' ಅಂತ ಎಲ್ಲರಿಗೂ ಹೇಳಿ, ಎರಡು ನಿಮಿಷಕ್ಕೆ ತಾವೇ ಜಾರಿ ಕೂತರು. ಪೆಟ್ಟಾಗಲಿಲ್ಲ. ಆದರೆ ಓಡಿಹೋಗಿ ಎತ್ತುವ ಮೊದಲು ಒಂದು ಕ್ಷಣ ನನಗೆ ನಗು ಉಕ್ಕಿ ಬಂತು. ಆಮೇಲೆ ತುಂಬಾ ಬೇಜಾರಾಯಿತು. ತಾವೇ ಮಾಡಿಕೊಂಡ ಅನಾಹುತ ಯಾಕೆ ಇಷ್ಟು ನಗು ತರಿಸುತ್ತದೆ? ನನ್ನದು ಕೆಟ್ಟ ಬುದ್ಧಿಯಾ? (ಒಬ್ಬ ಓದುಗರು, ತುಮಕೂರು)

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದೇ ನಿಮ್ಮನ್ನು ಕೊರೆಯುತ್ತಿರುವ ಹಾಗಿದೆ. ಕೆಟ್ಟ ಬುದ್ಧಿ ಖಂಡಿತ ಅಲ್ಲ. ನಿಮ್ಮ ಮಾವನವರು ಬಿದ್ದದ್ದಕ್ಕೆ ನಿಮಗೆ ನಗು ಬರಲಿಲ್ಲ. 'ಜಾರುತ್ತೆ, ಬರಬೇಡಿ' ಅಂದಿದ್ದರಲ್ಲ, ನಗು ಬಂದದ್ದು ಅದಕ್ಕೆ. ಅವರು ಏನೂ ಹೇಳದೆ ಸುಮ್ನೆ ಬಿದ್ದಿದ್ದರೆ ನೀವು ನೇರವಾಗಿ ಓಡಿಹೋಗುತ್ತಿದ್ದಿರಿ, ಅಷ್ಟೇ.

ನಾನು ನಾಟಕದವನು. ಹಾಸ್ಯ ಪಾತ್ರ ಮಾಡುವ ಹುಡುಗರಿಗೆ ಬೀಳುವುದನ್ನು, ಎಡವುವುದನ್ನು, ಬಾಗಿಲಿಗೆ ತಲೆ ಕೊಡುವುದನ್ನು ಕಲಿಸುತ್ತಾ ಬಂದಿದ್ದೇನೆ. ಮೊದಲ ದಿನ ಎಲ್ಲರಿಗೂ ಒಂದೇ ಕೆಲಸ: ಕೆಳಗೆ ದಪ್ಪ ಹಾಸಿಗೆ ಹಾಕಿದೆ, ಸ್ಟೂಲಿನಿಂದ ಬೀಳಿ. ದಬ್ ಅಂತ ಬೀಳುತ್ತಾರೆ. ಕೆಲವರು ಬಹಳ ಚೆನ್ನಾಗಿಯೇ ಬೀಳುತ್ತಾರೆ. ಒಬ್ಬರೂ ನಗುವುದಿಲ್ಲ. ಆಮೇಲೆ ಹೇಳುತ್ತೇನೆ, ಬೀಳುವ ವಿಷಯ ಮರೆತುಬಿಡಿ, ಗೋಡೆ ಮೇಲಿನ ಆ ಫೋಟೋ ಸೊಟ್ಟಗಿದೆ, ಅದನ್ನು ನೆಟ್ಟಗೆ ಮಾಡಿ ಬನ್ನಿ. ಹುಡುಗ ಸ್ಟೂಲ್ ಹತ್ತುತ್ತಾನೆ, ಎಟುಕುವುದಿಲ್ಲ, ಇಳಿದು ಬಂದು ಸ್ಟೂಲಿನ ಮೇಲೆ ಎರಡು ದಪ್ಪ ಪುಸ್ತಕ ಇಡುತ್ತಾನೆ, ಆಗಲೂ ಎಟುಕುವುದಿಲ್ಲ, ಪುಸ್ತಕದ ಮೇಲೆ ಒಂದು ತಗಡಿನ ಡಬ್ಬ ಇಟ್ಟು, ಕೈಯಲ್ಲಿ ಒತ್ತಿ ನೋಡಿ, ಗಟ್ಟಿ ಇದೆ ಅಂತ ತಲೆಯಾಡಿಸುತ್ತಾನೆ. ಆ ತಲೆಯಾಡಿಸುವಾಗ ಕೋಣೆಯಲ್ಲಿ ನಗು ಶುರುವಾಗಿರುತ್ತದೆ. ಅವನಿನ್ನೂ ಬಿದ್ದೇ ಇಲ್ಲ! ಬಿದ್ದಾಗ ಬರುವುದು ಮೊದಲೇ ತುಂಬಿಕೊಂಡಿದ್ದ ನಗು ಒಡೆದು ಹೊರಬರುವ ಸದ್ದು ಮಾತ್ರ.

ನಿಮ್ಮ ಪ್ರಶ್ನೆಯ ಬೇರು ಇಲ್ಲಿದೆ. ತಾನೇ ಮಾಡಿಕೊಂಡ ಅನಾಹುತದಲ್ಲಿ ಒಂದು 'ಮೊದಲು' ಇರುತ್ತದೆ. ಒಂದು ಯೋಜನೆ, ಒಂದು ಲೆಕ್ಕಾಚಾರ, 'ನನಗೆ ಗೊತ್ತು ಬಿಡಿ' ಅನ್ನುವ ಒಂದು ಮುಖ. ಮೇಲಿಂದ ಹೂಕುಂಡ ಬಿದ್ದು ಒಬ್ಬನ ತಲೆ ಒಡೆದರೆ ಅಲ್ಲಿ ಆ ಮೊದಲು ಇಲ್ಲ. ಅವನೇನೂ ಮಾಡಿಲ್ಲ, ಪಾಪ, ದಾರಿಯಲ್ಲಿ ಹೋಗುತ್ತಿದ್ದ. ಡಬ್ಬದ ಮೇಲೆ ಹತ್ತಿದವನ ಕತೆ ಬೇರೆ. ಅವನು ತಪ್ಪನ್ನು ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟುತ್ತಾ ಹೋದದ್ದನ್ನು ನಾವು ಕೂತು ನೋಡಿದ್ದೇವೆ.

ಇದನ್ನು ಬಹಳ ಹಿಂದೆಯೇ ಹಿಡಿದವನು ಗ್ರೀಸಿನ ಪ್ಲೇಟೋ. ನಗೆಪಾಟಲಾಗುವುದರ ಮೂಲ ಒಬ್ಬ ತನ್ನನ್ನು ತಾನು ಅರಿಯದೆ ಇರುವುದು, ಅಂದ ಅವನು. ಇರುವುದಕ್ಕಿಂತ ಸಿರಿವಂತ, ಇರುವುದಕ್ಕಿಂತ ಚೆಲುವ, ಇರುವುದಕ್ಕಿಂತ ಜಾಣ ಅಂದುಕೊಳ್ಳುವುದು. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದ. ಹಾಗೆ ಅಂದುಕೊಂಡವನ ಕೈಯಲ್ಲಿ ಬಲ ಇಲ್ಲದಿದ್ದರೆ ನಗು ಬರುತ್ತದೆ, ಬಲ ಇದ್ದರೆ ಭಯ ಬರುತ್ತದೆ. ಇದು ನನಗೆ ತುಂಬಾ ಇಷ್ಟವಾದ ಮಾತು. ಬೀನ್‌ಗೆ ಒಂದು ಸಣ್ಣ ಕಾರು, ಒಂದು ಟೆಡ್ಡಿ ಗೊಂಬೆ ಬಿಟ್ಟರೆ ಏನೂ ಇಲ್ಲ. ಅವನ ದಡ್ಡತನ ಹೆಚ್ಚೆಂದರೆ ಒಂದು ಕೋಣೆ ಹಾಳು ಮಾಡುತ್ತದೆ. ಅದೇ ದಡ್ಡತನ ಒಬ್ಬ ರಾಜನಿಗೆ ಇದ್ದರೆ ನಾವು ನಗುವುದಿಲ್ಲ.

ನಮ್ಮ ಗಾದೆಗಳನ್ನು ನೋಡಿ. ಇರಲಾರದೆ ಇರುವೆ ಬಿಟ್ಟುಕೊಂಡ. ತಾನು ತೋಡಿದ ಗುಂಡಿಗೆ ತಾನೇ ಬಿದ್ದ. ಮಾಡಿದ್ದುಣ್ಣೋ ಮಹಾರಾಯ. ಇವನ್ನು ಗಂಭೀರವಾದ ಮುಖ ಇಟ್ಟುಕೊಂಡು ಹೇಳುವುದೇ ಕಷ್ಟ. ಕಾಳಿದಾಸನ ದಂತಕತೆಯಲ್ಲಿ ಮಂತ್ರಿ ದಡ್ಡನನ್ನು ಹುಡುಕಿಕೊಂಡು ಹೊರಟಾಗ ಏನನ್ನು ನೋಡಿ ಇವನೇ ಸರಿ ಅಂದುಕೊಳ್ಳುತ್ತಾನೆ? ಕೂತ ಕೊಂಬೆಯನ್ನೇ ಕಡಿಯುತ್ತಿರುವವನನ್ನು. ದಡ್ಡತನ ತೋರಿಸಲು ಎಷ್ಟೋ ದಾರಿ ಇತ್ತು, ಆದರೆ ಕತೆ ಕಟ್ಟಿದವರಿಗೆ ಈ ಚಿತ್ರವೇ ಬೇಕಾಯಿತು, ಯಾಕೆಂದರೆ ಮುಂದೇನಾಗುತ್ತದೆ ಅಂತ ಕೇಳುವ ಮಗುವಿಗೂ ಗೊತ್ತು, ಕೊಂಬೆ ಮೇಲೆ ಕೂತವನಿಗೆ ಮಾತ್ರ ಗೊತ್ತಿಲ್ಲ.

ಸಿನಿಮಾದ ಕತೆಯೂ ಇಲ್ಲಿಂದಲೇ ಶುರು. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ಒಂದು ನಿಮಿಷಕ್ಕೂ ಕಡಿಮೆಯ ಒಂದು ತುಣುಕು ತೆಗೆದರು. ತೋಟದವನು ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಾನೆ. ಹಿಂದಿನಿಂದ ಒಬ್ಬ ಹುಡುಗ ಬಂದು ಪೈಪಿನ ಮೇಲೆ ಕಾಲಿಡುತ್ತಾನೆ. ನೀರು ನಿಲ್ಲುತ್ತದೆ. ತೋಟದವನು ಪೈಪಿನ ತುದಿಯನ್ನು ಮುಖಕ್ಕೆ ತಿರುಗಿಸಿ ಬಗ್ಗಿ ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ತೆರೆಯ ಮೇಲಿನ ಹಾಸ್ಯಕ್ಕೆ ಇದೇ ಮೊದಲು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹುಡುಗನ ಕಿತಾಪತಿಯಿಂದ ನಗು ಬಂತು ಅಂತ ಅನ್ನಿಸುತ್ತದೆ ಅಲ್ವಾ? ನಾನು ಹಾಗೆ ಒಪ್ಪುವುದಿಲ್ಲ. ಹುಡುಗ ಪೈಪನ್ನು ಕಿತ್ತುಕೊಂಡು ಮುಖಕ್ಕೆ ನೀರು ಹೊಡೆದಿದ್ದರೆ ಅದು ಬರೀ ಪುಂಡಾಟ. ಇಲ್ಲಿ ಪೈಪನ್ನು ತನ್ನ ಮುಖಕ್ಕೆ ಹಿಡಿದವನು ತೋಟದವನೇ. ಅವನು ಮಾಡಿದ್ದು ಬುದ್ಧಿವಂತ ಕೆಲಸ ಬೇರೆ: ನೀರು ಬರುತ್ತಿಲ್ಲ, ಯಾಕೆ ಅಂತ ನೋಡಬೇಡವೇ? ನೀವಾದರೂ ನಾನಾದರೂ ಅದನ್ನೇ ಮಾಡುತ್ತೇವೆ.

ನೀವು ಹೇಳಿದ ಟರ್ಕಿಯ ದೃಶ್ಯವೂ ಇದೇ ಅಚ್ಚಿನದು. 1992ರ ಕ್ರಿಸ್‌ಮಸ್ ಕಂತು. ಕೋಳಿಯೊಳಗೆ ಮಸಾಲೆ ತುಂಬುವಾಗ ಕೈಗಡಿಯಾರ ಒಳಗೇ ಉಳಿಯುತ್ತದೆ. ಹುಡುಕಬೇಕು, ಹಾಗಾಗಿ ಒಳಗೆ ನೋಡುತ್ತಾನೆ, ಚೆನ್ನಾಗಿ ಕಾಣಲಿ ಅಂತ ತಲೆಯನ್ನೇ ತೂರಿಸುತ್ತಾನೆ. ಒಂದೊಂದು ಹೆಜ್ಜೆಗೂ ಒಂದು ಕಾರಣ ಇದೆ. ಕೊನೆಯ ಫಲಿತಾಂಶ ಮಾತ್ರ ಹುಚ್ಚು. ಅಷ್ಟರಲ್ಲಿ ಊಟಕ್ಕೆ ಕರೆದ ಗೆಳತಿ ಬಾಗಿಲಿಗೆ ಬರುತ್ತಾಳೆ. ನಿಮ್ಮ ಮಗ ನೂರು ಸಲ ನೋಡಿದರೂ ನಗುವುದಕ್ಕೆ ಕಾರಣ ಇದೇ. ಅಚ್ಚರಿಯಿಂದ ಬರುವ ನಗು ಎರಡನೇ ಸಲಕ್ಕೆ ಸತ್ತುಹೋಗುತ್ತದೆ. 'ಬೇಡ ಬೇಡ, ತಲೆ ಹಾಕಬೇಡ' ಅಂತ ಒಳಗೇ ಕೂಗಿಕೊಳ್ಳುತ್ತಾ ಕಾಯುವ ನಗು ಸವೆಯುವುದಿಲ್ಲ. ಅದಲ್ಲದೆ ಏಳು ವರ್ಷದ ಮಗು ಶರ್ಟಿನ ಗುಂಡಿ ಹಾಕುವುದು, ಲೋಟ ಚೆಲ್ಲದೆ ಹಿಡಿಯುವುದು ಇವನ್ನೆಲ್ಲ ಈಗಷ್ಟೇ ಕಷ್ಟಪಟ್ಟು ಕಲಿತಿರುತ್ತದೆ. ದೊಡ್ಡ ಗಂಡಸೊಬ್ಬ ಅದರಲ್ಲೇ ಸೋಲುವುದನ್ನು ನೋಡಿದರೆ ಅವನಿಗೆ ಎಷ್ಟು ಖುಷಿಯಾಗಬೇಡ! ಬೀನ್ ಅಂದರೆ ದೊಡ್ಡವನ ಮೈಯಲ್ಲಿರುವ ಮಗು ಅಂತ ಆ ಪಾತ್ರ ಮಾಡಿದ ರೋವನ್ ಅಟ್ಕಿನ್ಸನ್ ಅವರೇ ಹೇಳಿದ್ದಾರೆ.

ಈಗ ನಿಮ್ಮ ಇನ್ನೊಂದು ಗಮನಕ್ಕೆ ಬರೋಣ. ಬೇರೆಯವರು ಹೊಡೆದರೆ ಯಾಕೆ ಅಷ್ಟು ನಗು ಬರುವುದಿಲ್ಲ? ಹೊಡೆದವನು ಒಬ್ಬ ಇದ್ದಾನೆ ಅಂದಕೂಡಲೇ ನಮ್ಮ ಮನಸ್ಸು ಪಂಚಾಯ್ತಿಗೆ ಕೂರುತ್ತದೆ. ಯಾರದು ತಪ್ಪು, ಯಾರು ಪಾಪ, ಯಾರ ಪರ ನಿಲ್ಲಬೇಕು. ಸಿಟ್ಟು ಬರುತ್ತದೆ, ಕನಿಕರ ಬರುತ್ತದೆ. ಎರಡೂ ನಗುವಿಗೆ ಅಡ್ಡಗಾಲು. ಫ್ರಾನ್ಸಿನ ತತ್ವಜ್ಞಾನಿ ಆನ್ರಿ ಬರ್ಗ್‌ಸನ್ 1900ರಲ್ಲಿ ನಗುವಿನ ಬಗ್ಗೆ ಬರೆದಾಗ, ನಗಬೇಕಾದರೆ ಹೃದಯಕ್ಕೆ ಒಂದು ಕ್ಷಣ ಮರಗಟ್ಟಿಸುವ ಮದ್ದು ಕೊಟ್ಟ ಹಾಗಾಗಬೇಕು ಅನ್ನುವ ಅರ್ಥದ ಮಾತು ಹೇಳಿದರು. ಹೊಡೆದವನೂ ಹೊಡೆಸಿಕೊಂಡವನೂ ಒಬ್ಬನೇ ಆದಾಗ ಆ ಮದ್ದು ತಾನಾಗಿಯೇ ಸಿಗುತ್ತದೆ. ಸಿಟ್ಟು ಮಾಡಲು ಬೇರೆ ಯಾರೂ ಇಲ್ಲ. ಕನಿಕರ ಪಡೋಣ ಅಂದರೆ, ಬೇಡ ಬೇಡ ಅಂದರೂ ಕೇಳದೆ ತಾನೇ ಹೋಗಿ ಮಾಡಿಕೊಂಡಿದ್ದಾನೆ. ಎರಡು ಬಾಗಿಲೂ ಮುಚ್ಚಿದಾಗ ನಗು ಮಾತ್ರ ಹೊರಗೆ ಬರುತ್ತದೆ.

ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಅರ್ಥ ಮಾಡಿಕೊಂಡವರು ಅಮೆರಿಕದ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್. 1949ರಲ್ಲಿ ಶುರುವಾದ ರೋಡ್ ರನ್ನರ್ ಮತ್ತು ಕೊಯೋಟಿ ಕಾರ್ಟೂನ್ ನೆನಪಿದೆಯಾ? ಸದಾ ಓಡುವ ಹಕ್ಕಿ, ಅದನ್ನು ಹಿಡಿಯಲು ಹೊಸ ಹೊಸ ಸಲಕರಣೆ ತರಿಸುವ ತೋಳದಂಥ ಪ್ರಾಣಿ. ಆ ಕಾರ್ಟೂನಿನ ನಿಯಮಗಳನ್ನು ಜೋನ್ಸ್ ಆಮೇಲೆ ಪಟ್ಟಿ ಮಾಡಿದರು. ಹಕ್ಕಿ 'ಬೀಪ್ ಬೀಪ್' ಅನ್ನುವುದು ಬಿಟ್ಟರೆ ಕೊಯೋಟಿಗೆ ಯಾವ ತೊಂದರೆಯನ್ನೂ ಕೊಡುವಂತಿಲ್ಲ. ಹೊರಗಿನ ಯಾವ ಶಕ್ತಿಯೂ ಅವನಿಗೆ ಏಟು ಕೊಡುವಂತಿಲ್ಲ, ಅವನ ಕೈಲಾಗದತನ ಅಥವಾ ಅವನು ತರಿಸಿದ ಸಾಮಾನು ಕೈಕೊಡುವುದು, ಇವೆರಡೇ ಏಟು ಕೊಡಬೇಕು. ಮತ್ತೊಂದು ನಿಯಮ ನನಗೆ ಎಲ್ಲಕ್ಕಿಂತ ಹಿಡಿಸಿದ್ದು: ಅವನು ಯಾವಾಗ ಬೇಕಾದರೂ ನಿಲ್ಲಿಸಬಹುದು, ಹಟಮಾರಿ ಅಲ್ಲದೇ ಇದ್ದಿದ್ದರೆ.

ಯಾವಾಗ ಬೇಕಾದರೂ ನಿಲ್ಲಿಸಬಹುದು. ನಮ್ಮನ್ನು ನಿರಾಳವಾಗಿ ನಗಲು ಬಿಡುವುದು ಇದು. ಬಾಗಿಲು ತೆರೆದೇ ಇದೆ, ಆದರೂ ಅವನು ಗೋಡೆಗೆ ಹಾಯುತ್ತಿದ್ದಾನೆ. ಇನ್ನು ಅವನು ಬಂಡೆಯ ಅಂಚು ದಾಟಿ ಗಾಳಿಯಲ್ಲಿ ಓಡುತ್ತಲೇ ಇರುತ್ತಾನಲ್ಲ, ಆಗ ಬೀಳುವುದಿಲ್ಲ. ಕೆಳಗೆ ನೋಡಿದಾಗ ಬೀಳುತ್ತಾನೆ. ಪ್ಲೇಟೋ ಹೇಳಿದ್ದನ್ನು ಇದಕ್ಕಿಂತ ಚೆನ್ನಾಗಿ ಚಿತ್ರ ಬರೆದು ತೋರಿಸಲು ಸಾಧ್ಯವೇ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಹಟದ ಮಾತು ಬಂದದ್ದರಿಂದ ಲಾರೆಲ್ ಮತ್ತು ಹಾರ್ಡಿ ಜೋಡಿಯ ಒಂದು ಕಿರುಚಿತ್ರದ ಬಗ್ಗೆ ಹೇಳಲೇಬೇಕು. 1932ರ 'ದಿ ಮ್ಯೂಸಿಕ್ ಬಾಕ್ಸ್', ಆಸ್ಕರ್ ಬಂದ ಚಿತ್ರ. ಇಬ್ಬರೂ ಒಂದು ಭಾರದ ಪಿಯಾನೋವನ್ನು 130ಕ್ಕೂ ಹೆಚ್ಚು ಮೆಟ್ಟಿಲು ಹತ್ತಿಸಿ ಮೇಲಿನ ಮನೆಗೆ ಸೇರಿಸಬೇಕು. ಲಾಸ್ ಏಂಜಲೀಸ್‌ನಲ್ಲಿ ಆ ಮೆಟ್ಟಿಲು ಇವತ್ತಿಗೂ ಇದೆ. ಹತ್ತಿಸುತ್ತಾರೆ, ಪಿಯಾನೋ ಜಾರಿ ಕೆಳಗೆ ಬರುತ್ತದೆ, ಮತ್ತೆ ಹತ್ತಿಸುತ್ತಾರೆ. ಜೀವ ಬಾಯಿಗೆ ಬಂದು ಮೇಲೆ ಸೇರಿದಾಗ ಅಂಚೆಯವನು ಸಿಗುತ್ತಾನೆ. ಮೆಟ್ಟಿಲು ಯಾಕೆ ಹತ್ತಿದಿರಿ, ಆಚೆ ರಸ್ತೆ ಇದೆಯಲ್ಲ, ಗಾಡಿಯಲ್ಲೇ ಬರಬಹುದಿತ್ತು ಅನ್ನುತ್ತಾನೆ. ಆಗ ಇವರು ಮಾಡುವುದೇನು? ಪಿಯಾನೋವನ್ನು ಹೊತ್ತುಕೊಂಡು ಅಷ್ಟೂ ಮೆಟ್ಟಿಲು ಇಳಿದು, ಗಾಡಿಗೆ ಹಾಕಿ, ರಸ್ತೆಯಿಂದ ಮೇಲೆ ಬರುತ್ತಾರೆ. ಯಾರೂ ಅವರನ್ನು ದೂಡಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಒಳ್ಳೆಯ ಸಲಹೆ ಸಿಕ್ಕಿತು, ಅದನ್ನು ಪಾಲಿಸಿದರು ಅಷ್ಟೇ. ಸರಿಯಾದ ಮಾತನ್ನು ಇಷ್ಟು ತಪ್ಪಾಗಿ ಪಾಲಿಸಬಹುದು ಅನ್ನುವುದು ನಮ್ಮೆಲ್ಲರಿಗೂ ಕಚೇರಿಯಲ್ಲೋ ಮನೆಯಲ್ಲೋ ಗೊತ್ತಿರುವ ಸಂಗತಿ.

ಬಿದ್ದ ಮೇಲಿನದು ಇನ್ನೊಂದು ಅಧ್ಯಾಯ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತೇವೆ. ಚಾರ್ಲಿ ಚಾಪ್ಲಿನ್ 1918ರಲ್ಲಿ ಒಂದು ಅಮೆರಿಕನ್ ಪತ್ರಿಕೆಗೆ ಜನ ಯಾಕೆ ನಗುತ್ತಾರೆ ಅಂತ ಒಂದು ಲೇಖನ ಬರೆದರು. ಅದರಲ್ಲಿ ಅವರು ಹೇಳಿಕೊಂಡದ್ದು ಹೆಚ್ಚುಕಡಿಮೆ ಈ ಗಾದೆಯನ್ನೇ. ತಲೆಕೆಳಗಾಗಿ ಬಿದ್ದರೂ ನಾನು ಮೊದಲು ಮಾಡುವ ಕೆಲಸ ಕೋಲು ಹಿಡಿದುಕೊಳ್ಳುವುದು, ಟೋಪಿ ಸರಿಮಾಡಿಕೊಳ್ಳುವುದು, ಟೈ ನೇರ ಮಾಡಿಕೊಳ್ಳುವುದು, ಅದೂ ಪೂರ್ತಿ ಶ್ರದ್ಧೆಯಿಂದ, ಅನ್ನುವ ಅರ್ಥದ ಮಾತು. ನಿಮ್ಮ ಮಾವನವರು ಎದ್ದ ಮೇಲೆ ಏನು ಮಾಡಿದರು? 'ಏನೂ ಆಗಿಲ್ಲ, ಏನೂ ಆಗಿಲ್ಲ' ಅಂತ ಪಂಚೆ ಕೊಡವಿಕೊಂಡು ಪೊರಕೆ ಕೈಗೆತ್ತಿಕೊಂಡಿರಬೇಕು. ಬಿದ್ದವರೆಲ್ಲ ಹಾಗೇ ಮಾಡುತ್ತಾರೆ. ಮಾನ ಉಳಿಸಿಕೊಳ್ಳುವ ಆ ಅವಸರದಲ್ಲಿ ನಾವು ನಮ್ಮನ್ನೇ ನೋಡುತ್ತೇವೆ. ಅದಕ್ಕೇ ಆ ನಗುವಿನಲ್ಲಿ ಪ್ರೀತಿಯೂ ಬೆರೆತಿರುತ್ತದೆ.

ಇದೆಲ್ಲಕ್ಕೂ ಒಂದು ಗಡಿ ಇದೆ. ನೋವು ಆಗಬಾರದು, ಅಥವಾ ಆಗಿಲ್ಲ ಅಂತ ನಮಗೆ ನಂಬಿಕೆ ಇರಬೇಕು. ನಗು ತರಿಸುವ ತಪ್ಪು ನೋವನ್ನೂ ನಾಶವನ್ನೂ ತರದ ತಪ್ಪು ಅಂತ ಅರಿಸ್ಟಾಟಲ್ ಆಗಲೇ ಹೇಳಿಟ್ಟಿದ್ದಾನೆ. ಬೀಳುವ, ಎಡವುವ, ಏಟು ತಿನ್ನುವ ಈ ಬಗೆಯ ಹಾಸ್ಯಕ್ಕೆ ಇರುವ ಸ್ಲ್ಯಾಪ್‌ಸ್ಟಿಕ್ ಅನ್ನುವ ಹೆಸರಿನಲ್ಲೂ ಅದೇ ಅಡಗಿದೆ. 16ನೇ ಶತಮಾನದಲ್ಲಿ ಇಟಲಿಯ ಬೀದಿ ನಾಟಕದವರು ಎರಡು ಮರದ ಪಟ್ಟಿ ಜೋಡಿಸಿದ ಒಂದು ಕೋಲು ಇಟ್ಟುಕೊಳ್ಳುತ್ತಿದ್ದರು. ಹೊಡೆದರೆ ಚಟಾರ್ ಅಂತ ದೊಡ್ಡ ಸದ್ದು, ಮೈಗೆ ಮಾತ್ರ ಪೆಟ್ಟಿಲ್ಲ. ಆ ಕೋಲಿನ ಹೆಸರೇ ಈ ಹಾಸ್ಯಕ್ಕೂ ಬಂತು.

ನಮ್ಮ ಕಾಲದಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ ಅನ್ನುವ ಅಮೆರಿಕದ ಸಂಶೋಧಕರು 2010ರಲ್ಲಿ ಇದನ್ನು ಹೀಗೆ ಹೇಳಿದರು: ಏನೋ ಒಂದು ಸರಿ ತಪ್ಪಬೇಕು, ಅದೇ ಹೊತ್ತಿಗೆ ಪರವಾಗಿಲ್ಲ ಅಂತಲೂ ಅನ್ನಿಸಬೇಕು, ಎರಡೂ ಒಟ್ಟಿಗೆ ಬಂದಾಗ ನಗು. 2012ರಲ್ಲಿ ಅವರ ತಂಡ ಇನ್ನೊಂದು ವಿಷಯ ತೋರಿಸಿತು. ಕಾರು ಗುದ್ದಿದ್ದು 5 ವರ್ಷದ ಹಿಂದಿನ ಕತೆಯಾದರೆ ಹೆಚ್ಚು ತಮಾಷೆ ಅನ್ನಿಸುತ್ತದೆ, ಕಾಲ್ಬೆರಳು ಎಡವಿದ್ದು ನಿನ್ನೆಯದಾದರೆ ಹೆಚ್ಚು ತಮಾಷೆ. ದೊಡ್ಡ ನೋವಿಗೆ ದೂರ ಬೇಕು, ಸಣ್ಣ ಎಡವಟ್ಟಿಗೆ ಹತ್ತಿರ ಇರಬೇಕು. ನಿಮ್ಮ ಮಾವನವರು ಎದ್ದು ನಿಲ್ಲದೆ ಹೋಗಿದ್ದರೆ ನಿಮ್ಮ ನಗು ಅಲ್ಲೇ ಆರಿಹೋಗುತ್ತಿತ್ತು. ಅವರು ಕೂತ ರೀತಿ ನೋಡಿ, ಪೆಟ್ಟಾಗಿಲ್ಲ ಅಂತ ನಿಮ್ಮ ಕಣ್ಣು ನಿಮಗಿಂತ ಮೊದಲೇ ಲೆಕ್ಕ ಹಾಕಿತ್ತು ಅಂತ ನನಗನ್ನಿಸುತ್ತದೆ.

ನನ್ನದೇ ಒಂದು ಅನುಭವ. ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಅಂದರೆ ನನಗೆ ಪ್ರಾಣ. ಅವರ 1924ರ 'ಶರ್ಲಾಕ್ ಜೂನಿಯರ್' ಚಿತ್ರದಲ್ಲಿ, ರೈಲಿಗೆ ನೀರು ತುಂಬುವ ಟ್ಯಾಂಕಿನ ಕೊಳವೆಗೆ ಅವರು ಜೋತುಬೀಳುತ್ತಾರೆ, ನೀರು ರಭಸದಿಂದ ಸುರಿದು ಹಳಿ ಮೇಲೆ ಬೀಳುತ್ತಾರೆ, ಎದ್ದು ಓಡುತ್ತಾರೆ. ಎಷ್ಟು ನಕ್ಕಿದ್ದೆನೋ. ಆ ಏಟಿನಲ್ಲಿ ಅವರ ಕತ್ತಿನ ಮೂಳೆ ಮುರಿದಿತ್ತು ಅಂತ ಆಮೇಲೆ ಓದಿದೆ. ವರ್ಷಗಳ ನಂತರ ಎಕ್ಸ್‌ರೇ ತೆಗೆದಾಗಲೇ ಅವರಿಗೂ ಗೊತ್ತಾದದ್ದು. ಅಂದಿನಿಂದ ಆ ದೃಶ್ಯ ಬಂದರೆ ನನಗೆ ನಗು ಬರುವುದಿಲ್ಲ. ತೆರೆಯ ಮೇಲೆ ಒಂದು ಚೂರೂ ಬದಲಾಗಿಲ್ಲ, ನನಗೆ ಗೊತ್ತಿರುವುದು ಬದಲಾಗಿದೆ.

ಯಕ್ಷಗಾನದ ಮೋಹಿನಿ ಭಸ್ಮಾಸುರ ಪ್ರಸಂಗವನ್ನೂ ಇದರ ಪಕ್ಕದಲ್ಲಿ ಇಡಬಹುದು. ತಾನೇ ಬೇಡಿ ಪಡೆದ ವರ, ತನ್ನದೇ ಕೈ, ತನ್ನದೇ ತಲೆ. ಇದಕ್ಕಿಂತ ಪೂರ್ತಿಯಾಗಿ ತಾನೇ ಮಾಡಿಕೊಂಡ ಅನಾಹುತ ಇನ್ನೊಂದಿಲ್ಲ. ದೈತ್ಯ ಮೋಹಿನಿಯ ಹೆಜ್ಜೆಗೆ ಹೆಜ್ಜೆ ಹಾಕಲು ಒದ್ದಾಡುವಾಗ ಜನ ನಗುತ್ತಾರೆ. ಕೈ ತಲೆಯ ಹತ್ತಿರ ಹೋಗುತ್ತಾ ಹೋದಂತೆ ನಗು ತೆಳ್ಳಗಾಗುತ್ತದೆ. ಕುಣಿತದಲ್ಲಿ ಎಡವಿದರೆ ಹಾಸ್ಯ, ಬೂದಿಯಾದರೆ ಅದು ಬೇರೆಯೇ ರಸ.

ನಗುವಿನ ಬಗ್ಗೆ ಭರತನ ನಾಟ್ಯಶಾಸ್ತ್ರದ ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಅಲ್ಲಿ ಆರು ಬಗೆಯ ನಗು ಹೇಳಿದ್ದಾರೆ. ತುಟಿಯಂಚಿನ ಸ್ಮಿತ ಉತ್ತಮರದು. ಕಣ್ಣಲ್ಲಿ ನೀರು ತುಂಬಿ, ಹೆಗಲು ಕುಲುಕಿ, ಪಕ್ಕೆ ಹಿಡಿದುಕೊಂಡು ನಗುವ ಅಪಹಸಿತ, ಅತಿಹಸಿತ ಅಧಮರದು. ನಿಮ್ಮ ಮಗನ ನಗುವನ್ನು ಆ ಕಾಲದಲ್ಲೇ ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಕೆಳದರ್ಜೆ ಅನ್ನುವುದನ್ನು ಒಪ್ಪಲಾರೆ. ಆ ನಗು ಇಡೀ ಮೈಯದು. ಮಗ ಒಬ್ಬನೇ ಕೂತು ನೋಡಿದರೆ ಅಷ್ಟು ಬರುವುದೂ ಇಲ್ಲ. ನಗುವಿನ ಬಗ್ಗೆ ಸಂಶೋಧನೆ ಮಾಡಿದ ರಾಬರ್ಟ್ ಪ್ರೊವೈನ್ ಪ್ರಕಾರ ಜನ ಒಬ್ಬರೇ ಇದ್ದಾಗಿನದಕ್ಕಿಂತ ಜೊತೆಯಲ್ಲಿದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತಾರೆ. ನೀವು ಪಕ್ಕದಲ್ಲಿ ಕೂತು ನಗುತ್ತೀರಿ ಅನ್ನುವುದು ಅವನ ನಗುವಿನ ಅರ್ಧ ಪಾಲು.

ನಾನು ಮಗುವಿಗೆ ತೋರಿಸಬೇಡಿ ಅನ್ನುವುದು ಒಂದನ್ನೇ. ಗೊತ್ತಿಲ್ಲದವರ ಕುರ್ಚಿ ಎಳೆದು, ಅಜ್ಜಿಯನ್ನು ಹೆದರಿಸಿ, ಅದನ್ನು ಮೊಬೈಲಿನಲ್ಲಿ ಹಿಡಿದು ಹಾಕುವ ಪ್ರ್ಯಾಂಕ್ ವಿಡಿಯೋಗಳು. ಹೊರಗಿನಿಂದ ನೋಡಿದರೆ ಇದೂ ಬೀಳುವುದೇ, ಅದೂ ಬೀಳುವುದೇ. ಆದರೆ ಅಲ್ಲಿ ಬಿದ್ದವರು ಏನನ್ನೂ ಮಾಡಿಕೊಂಡಿಲ್ಲ, ಅವರಿಗೆ ಮಾಡಲಾಗಿದೆ. ನಿಲ್ಲಿಸುವ ಅವಕಾಶ ಅವರ ಕೈಯಲ್ಲಿ ಇರಲೇ ಇಲ್ಲ.

ಅದರ ಬದಲು ಈ ಭಾನುವಾರ ಕೀಟನ್ ಅವರ 1921ರ ಮೂಕಿ ಚಿತ್ರ 'ದಿ ಬೋಟ್' ಹಾಕಿ, ಇಪ್ಪತ್ತು ಚಿಲ್ಲರೆ ನಿಮಿಷದ್ದು. ಒಬ್ಬ ಮನೆಯ ನೆಲಮಾಳಿಗೆಯಲ್ಲಿ ದೋಣಿ ಕಟ್ಟಿದ್ದಾನೆ. ಬಾಗಿಲಿಗಿಂತ ದೋಣಿ ದೊಡ್ಡದು. ಕಾರಿಗೆ ಕಟ್ಟಿ ಎಳೆಯುತ್ತಾನೆ, ದೋಣಿ ಹೊರಗೆ ಬರುತ್ತದೆ, ಮನೆ ಕುಸಿಯುತ್ತದೆ. ಆಮೇಲೆ ದೋಣಿಯನ್ನು ನೀರಿಗೆ ಬಿಡುವ ದೃಶ್ಯ. ಅವನು ಮುಂದೆ ನೆಟ್ಟಗೆ ನಿಂತಿದ್ದಾನೆ, ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ, ದೋಣಿ ಜಾರುತ್ತಾ ನೀರಿಗಿಳಿಯುತ್ತದೆ, ಇಳಿಯುತ್ತಲೇ ಹೋಗುತ್ತದೆ. ಕೀಟನ್ ಚಿಕ್ಕ ಹುಡುಗನಾಗಿ ಅಪ್ಪ ಅಮ್ಮನ ಜೊತೆ ವೇದಿಕೆ ಹತ್ತುತ್ತಿದ್ದಾಗಲೇ ಕಂಡುಕೊಂಡಿದ್ದರು, ಬಿದ್ದವನು ತಾನೇ ನಕ್ಕರೆ ಜನ ನಗುವುದಿಲ್ಲ ಅಂತ. ಆ ದೃಶ್ಯ ಬಂದಾಗ ನೀವು ತೆರೆ ನೋಡಬೇಡಿ, ಮಗನ ಮುಖ ನೋಡಿ. ಅವನು ಯಾವ ಕ್ಷಣಕ್ಕೆ ನಗಲು ಶುರು ಮಾಡಿದ, ಆಗ ನೀರು ಕೀಟನ್‌ನ ಎಲ್ಲಿಯವರೆಗೆ ಬಂದಿತ್ತು ಅಂತ ಗುರುತು ಹಾಕಿಕೊಂಡು ನನಗೆ ಬರೆದು ತಿಳಿಸಿ.